ಬಾವಂಚಿ ಬೀಜದಿಂದ ಬೆಳಕಿನ ಚಿಕಿತ್ಸೆಗೆ: ಸೋರಿಯಾಸಿಸ್ ಚರಿತ್ರೆಯಲ್ಲಿ ಬೆಂಗಳೂರಿನ ಒಂದು ಅಧ್ಯಾಯ

1974ರ ಡಿಸೆಂಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಾಸ್ಟನ್ ನಗರದ ನಾಲ್ವರು ಸಂಶೋಧಕರು ಪ್ರಕಟಿಸಿದ ಲೇಖನವು ಸೋರಿಯಾಸಿಸ್ ರೋಗದ ಚಿಕಿತ್ಸೆಯನ್ನು ಹೊಸ ಹಾದಿಗೆ ತಂದಿತು. ಸೊರಾಲೆನ್ ವರ್ಗದ ಮಾತ್ರೆಯನ್ನು ನುಂಗಿಸಿ, ಎರಡು ಗಂಟೆಯ ಬಳಿಕ ರೋಗಿಯ ಮೈಗೆ ಅತಿನೇರಳೆ ದೀಪಗಳ ಬೆಳಕನ್ನು ಲೆಕ್ಕಹಾಕಿ ಹಾಯಿಸುವ ಆ ವಿಧಾನವು ಮುಂದೆ ‘ಪೂವಾ’ ಎಂದು ಜಗತ್ತಿನಾದ್ಯಂತ ಹೆಸರಾಯಿತು. ಈ ವರ್ಗದ ಮೂಲವಸ್ತುವಾದ ಸೊರಾಲೆನ್ ಅದಕ್ಕೆ ನಾಲ್ಕು ದಶಕಗಳ ಹಿಂದೆಯೇ, 1933ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರಜ್ಞರ ಕೈಯಲ್ಲಿ ಬಾವಂಚಿ ಬೀಜದಿಂದ ಶುದ್ಧ ಹರಳಾಗಿ ಹೊರಬಂದಿತ್ತು. ಬೀಜವೂ ಬಿಸಿಲೂ ಶತಮಾನಗಳಿಂದ ಈ ನಾಡಿನಲ್ಲಿ ಇದ್ದೇ ಇದ್ದವು. ಅವೆರಡರ ನಡುವಿನ ನಂಟನ್ನು ಗುರುತಿಸಿ ಅದಕ್ಕೊಂದು ಅಳತೆ ಕಟ್ಟಲು ಬೆಂಗಳೂರು, ವಿಯೆನ್ನಾ, ಬರ್ನ್, ಕೈರೋ, ಬಾಸ್ಟನ್‌ಗಳ ಪ್ರಯೋಗಾಲಯಗಳು ಒಂದರ ಹಿಂದೊಂದು ದುಡಿಯಬೇಕಾಯಿತು.

ಸೋರಿಯಾಸಿಸ್ ಎಂಬುದು ರೋಗನಿರೋಧಕ ವ್ಯವಸ್ಥೆಯ ದಾರಿತಪ್ಪಿದ ನಡೆಯಿಂದ ಹುಟ್ಟುವ ದೀರ್ಘಕಾಲೀನ ರೋಗ. ಆರೋಗ್ಯವಂತ ಚರ್ಮದಲ್ಲಿ ಕೆಳಪದರದ ಜೀವಕೋಶವೊಂದು ಬಲಿತು, ಮೇಲಕ್ಕೆ ಸರಿದು, ಉದುರಿಹೋಗಲು ಸುಮಾರು ಒಂದು ತಿಂಗಳು ಬೇಕಾಗುತ್ತದೆ. ಸೋರಿಯಾಸಿಸ್ ಇರುವಲ್ಲಿ ಇದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುವುದರಿಂದ ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿ, ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಹಿಂಭಾಗಗಳಲ್ಲಿ ಬೆಳ್ಳಿಬಣ್ಣದ ಹೊಪ್ಪಳೆ ಕಟ್ಟಿದ ದಪ್ಪನೆಯ ಮಚ್ಚೆಗಳಾಗುತ್ತವೆ. ಬಿಳಿಯರ ಮೈಯಲ್ಲಿ ಎದ್ದು ಕಾಣುವ ಕೆಂಪು ನಮ್ಮವರ ಕಂದು ಚರ್ಮದಲ್ಲಿ ನೇರಳೆಯಾಗಿಯೋ ಕಪ್ಪಾಗಿಯೋ ತೋರುತ್ತದೆ. ಹೊಪ್ಪಳೆಯನ್ನು ಕೆರೆದು ತೆಗೆದರೆ ಅಡಿಯಲ್ಲಿ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಏಳುತ್ತವೆ. ಗೀರಿದ, ತರಚಿದ ಜಾಗದಲ್ಲಿ ಹೊಸ ಮಚ್ಚೆ ಹುಟ್ಟುತ್ತದೆ. ಕೆಲವರಲ್ಲಿ ಉಗುರು ಗುಳಿಬಿದ್ದು, ಕೀಲುಗಳು ಊದಿಕೊಳ್ಳುತ್ತವೆ. ಭಾರತದ ಆಸ್ಪತ್ರೆಗಳ ಅಧ್ಯಯನಗಳು ಇದರ ಪ್ರಮಾಣವನ್ನು ಶೇಕಡ 0.44ರಿಂದ 2.8ರವರೆಗೆ ಎಂದು ತೋರಿಸಿವೆ. ಇದು ಮುಟ್ಟಿದರೆ, ಒಟ್ಟಿಗೆ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಅಂಟುವ ರೋಗವಲ್ಲ ಎಂಬ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು, ಏಕೆಂದರೆ ರೋಗಿಗಳನ್ನು ಚರ್ಮದ ಬಾಧೆಗಿಂತ ಹೆಚ್ಚಾಗಿ ನೋಯಿಸಿರುವುದು ಸುತ್ತಲಿನವರ ಈ ಭಯವೇ ಆಗಿದೆ.

ಆ ಭಯದ ಬೇರು ಹಳೆಯದು. ಪ್ರಾಚೀನ ವೈದ್ಯಗ್ರಂಥಗಳು ಚರ್ಮದ ಬಹುತೇಕ ಗಂಭೀರ ರೋಗಗಳನ್ನು ‘ಕುಷ್ಠ’ ಎಂಬ ಒಂದೇ ತಲೆಬರಹದಡಿ ತಂದವು. ಚರಕಸಂಹಿತೆಯು ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ ಎಂದು ಹದಿನೆಂಟು ಬಗೆಗಳನ್ನು ಎಣಿಸುತ್ತದೆ. ಅವುಗಳಲ್ಲಿ ಬೆವರದ, ವಿಸ್ತಾರವಾಗಿ ಹರಡುವ, ಮೀನಿನ ಹುರುಪೆಯಂತಹ ಪದರ ಬಿಡುವ ‘ಏಕಕುಷ್ಠ’ವೇ ಇಂದಿನ ಸೋರಿಯಾಸಿಸ್ ಎಂದು ಕೆಲವು ಆಯುರ್ವೇದ ವಿದ್ವಾಂಸರೂ, ಕಪ್ಪಗೆ ಒರಟಾಗಿ ಗಡಸು ಕಟ್ಟುವ ‘ಕಿಟಿಭ’ವೇ ಅದೆಂದು ಇನ್ನು ಕೆಲವರೂ ವಾದಿಸುತ್ತಾರೆ, ‘ಸಿಧ್ಮ’ದ ಪರವಾಗಿ ನಿಲ್ಲುವವರೂ ಇದ್ದಾರೆ. ಲಕ್ಷಣಗಳನ್ನು ನೋಟ ಮತ್ತು ಸ್ಪರ್ಶಗಳಿಂದ ವಿಂಗಡಿಸಿದ ಪದ್ಧತಿಗೂ, ಸೂಕ್ಷ್ಮದರ್ಶಕದಡಿ ಅಂಗಾಂಶವನ್ನು ನೋಡಿ ವಿಂಗಡಿಸುವ ಪದ್ಧತಿಗೂ ಒಂದಕ್ಕೊಂದು ನೇರವಾಗಿ ಹೊಂದುವ ಹೆಸರನ್ನು ಹುಡುಕುವುದೇ ಕಷ್ಟವಾದ್ದರಿಂದ ಈ ವಾದ ತೀರುವ ಬಗೆಯದಲ್ಲ. 

ಚರಕಸಂಹಿತೆಯ ಕುಷ್ಠಚಿಕಿತ್ಸೆಯ ಅಧ್ಯಾಯದಲ್ಲಿ ಮುಂದಿನ ಕಥೆಗೆ ಮುಖ್ಯವಾದ ಒಂದು ವಿಧಿಯಿದೆ. ಚರ್ಮ ಬಣ್ಣ ಕಳೆದುಕೊಳ್ಳುವ ಶ್ವಿತ್ರ, ಅಂದರೆ ತೊನ್ನಿಗೆ, ಕಾಡು ಅತ್ತಿಯ ಜಾತಿಗೆ ಸೇರಿದ ಮರವೊಂದರ ರಸವನ್ನು ಬೆಲ್ಲದೊಂದಿಗೆ ಕುಡಿಸಿ, ಮೈಗೆ ಎಣ್ಣೆ ಹಚ್ಚಿ, ರೋಗಿಯನ್ನು ಅವನ ಶಕ್ತಿಗೆ ತಕ್ಕಷ್ಟು ಹೊತ್ತು ಬಿಸಿಲಿನಲ್ಲಿ ಕೂರಿಸಬೇಕೆಂದೂ, ಆಗ ಏಳುವ ಗುಳ್ಳೆಗಳನ್ನು ಹೇಗೆ ನೋಡಿಕೊಳ್ಳಬೇಕೆಂದೂ ಅಲ್ಲಿ ವಿವರವಿದೆ. ಅತ್ತಿಯ ಜಾತಿಯ ಮರಗಳಲ್ಲಿಯೂ ಸೊರಾಲೆನ್ ವರ್ಗದ ವಸ್ತುಗಳಿವೆ ಎಂದು ಈಗ ತಿಳಿದಿರುವುದರಿಂದ, ಮದ್ದು ಮತ್ತು ಬಿಸಿಲು ಕೂಡಿ ಕೆಲಸ ಮಾಡುತ್ತವೆ ಎಂಬ ಅನುಭವ ಆ ವೈದ್ಯರಿಗೆ ಇತ್ತೆಂದು ಒಪ್ಪಲೇಬೇಕು. ಆಧುನಿಕ ಚರ್ಮವೈದ್ಯರ ಎಷ್ಟೋ ಲೇಖನಗಳು ಇನ್ನೂ ಹಿಂದಕ್ಕೆ ಹೋಗಿ, ಅಥರ್ವವೇದದಲ್ಲಿ ಬಿಳಿ ಕಲೆಗಳನ್ನು ಅಳಿಸೆಂದು ಪ್ರಾರ್ಥಿಸುವ ಸೂಕ್ತಗಳಲ್ಲಿನ ಮೂಲಿಕೆಯೇ ಬಾವಂಚಿ ಎಂದು ಹೇಳಿಬಿಡುತ್ತವೆ. ಸೂಕ್ತದ ಮಾತುಗಳಿಂದ ಅಷ್ಟನ್ನು ಸಾಧಿಸಲು ಬರುವುದಿಲ್ಲ.

ಯೂರೋಪಿನಲ್ಲಿಯೂ ಇದೇ ಗೊಂದಲವಿತ್ತು. ಲಂಡನ್ನಿನ ರಾಬರ್ಟ್ ವಿಲನ್ 1808ರ ತನ್ನ ಗ್ರಂಥದಲ್ಲಿ ಈ ರೋಗವನ್ನು ನಿಖರವಾಗಿ ವರ್ಣಿಸಿದರೂ ದುಂಡನೆಯ ಮಚ್ಚೆಗಳಿಗೆ ‘ಲೆಪ್ರಾ’ ಎಂಬ ಹೆಸರನ್ನೇ ಉಳಿಸಿಕೊಂಡನು. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಎರಡೂ ಒಂದೇ ರೋಗವೆಂದು ತೋರಿಸಿ ಲೆಪ್ರಾ ಎಂಬ ಮಾತನ್ನು ಈ ರೋಗದಿಂದ ಬಿಡಿಸಿದ ಮೇಲೆಯೇ ಸೋರಿಯಾಸಿಸ್‌ಗೆ ಸ್ವತಂತ್ರ ಅಸ್ತಿತ್ವ ಬಂದಿತು. ಮಧ್ಯಯುಗದಲ್ಲಿ ಎಷ್ಟು ಮಂದಿ ಸೋರಿಯಾಸಿಸ್ ರೋಗಿಗಳನ್ನು ಕುಷ್ಠರೋಗಿಗಳೆಂದು ಊರ ಹೊರಗೆ ಅಟ್ಟಲಾಯಿತು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ.

ಹೆಸರು ಬೇರೆಯಾದರೂ ಮದ್ದು ಬೇರೆಯಾಗಿರಲಿಲ್ಲ. 19ನೆಯ ಶತಮಾನದ ವೈದ್ಯರ ಕೈಯಲ್ಲಿ ಇದ್ದದ್ದು ಪಾಷಾಣ, ಪಾದರಸ ಮತ್ತು ಡಾಂಬರು. ಈ ಸ್ಥಿತಿಯಲ್ಲಿ ಮೊದಲ ಬದಲಾವಣೆ ಬಂದದ್ದು ಕನ್ನಡ ಕರಾವಳಿಗೆ ತಾಗಿಕೊಂಡಿರುವ ಗೋವೆಯ ಹೆಸರು ಹೊತ್ತ ಒಂದು ಹಳದಿ ಪುಡಿಯಿಂದ. ಬ್ರೆಜಿಲಿನ ಅರರೋಬಾ ಮರದ ಕಾಂಡದ ಬಿರುಕುಗಳಲ್ಲಿ ಸಿಗುವ ಈ ಪುಡಿ ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು, ಅಲ್ಲಿಂದ ‘ಗೋವಾ ಪೌಡರ್’ ಎಂದು ಹರಡಿ, ಹುಳುಕಡ್ಡಿಯ ಮದ್ದಾಗಿ ಬಳಕೆಯಲ್ಲಿತ್ತು. ಸೋರಿಯಾಸಿಸ್‌ಗೂ ಇದು ಫಲಕಾರಿ ಎಂದು ಲಂಡನ್ನಿನ ಬಾಲ್ಮನ್ನೊ ಸ್ಕ್ವೈರ್ 1876ರಲ್ಲಿ ತೋರಿಸಿದನು. ಮೊದಲ ಮಹಾಯುದ್ಧದಲ್ಲಿ ಪುಡಿಯ ಪೂರೈಕೆ ನಿಂತಾಗ ಜರ್ಮನಿಯಲ್ಲಿ ಅದಕ್ಕೆ ಬದಲಾಗಿ ಕೃತಕವಾಗಿ ತಯಾರಿಸಿದ ವಸ್ತುವೇ ಡಿತ್ರನಾಲ್. ಗೆಲೆವ್ಸ್ಕಿ ಮತ್ತು ಉನ್ನಾ ಎಂಬ ವೈದ್ಯರು 1916ರಲ್ಲಿ ಅದನ್ನು ಬಳಕೆಗೆ ತಂದರು. 1925ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ವಿಲಿಯಂ ಗೋಕರ್ಮನ್ ಮೈಗೆ ಡಾಂಬರು ಹಚ್ಚಿ ಅತಿನೇರಳೆ ದೀಪದ ಬೆಳಕು ಹಾಯಿಸಿದಾಗ ಮಚ್ಚೆಗಳು ಇಳಿಯುವುದನ್ನು ವರದಿ ಮಾಡಿದನು. ಬೇಸಿಗೆಯಲ್ಲಿ ತಗ್ಗಿ ಚಳಿಗಾಲದಲ್ಲಿ ಉಲ್ಬಣಿಸುವ ಈ ರೋಗದ ಮೇಲೆ ಬೆಳಕಿಗೆ ಹಿಡಿತವಿದೆ ಎಂಬುದು ಆಗಲೇ ಖಚಿತವಾಗಿತ್ತು. ಆದರೆ ಯಾವ ಬೆಳಕು, ಎಷ್ಟು ಬೆಳಕು ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು.

ಇದೇ ಹೊತ್ತಿನಲ್ಲಿ ಭಾರತದ ರಸಾಯನಶಾಸ್ತ್ರಜ್ಞರು ಬಾವಂಚಿಯ ಬೆನ್ನು ಹತ್ತಿದ್ದರು. ಬಯಲುಸೀಮೆಯಲ್ಲಿ ಹೊಲದ ಬದು, ಬೀಳುಭೂಮಿಗಳಲ್ಲಿ ಮೊಳಕಾಲೆತ್ತರಕ್ಕೋ ಸೊಂಟದೆತ್ತರಕ್ಕೋ ಬೆಳೆಯುವ, ನೇರಳೆ ಛಾಯೆಯ ಪುಟ್ಟ ಹೂಗೊಂಚಲು ಬಿಡುವ ಈ ಗಿಡದ ಕಾಯಿಯನ್ನು ಇಂದಿಗೂ ಗ್ರಂಥಿಗೆ ಅಂಗಡಿಗಳಲ್ಲಿ ಕೊಳ್ಳಬಹುದು. ‘ಬೀಜ’ ಎಂದು ಮಾರುವುದು ವಾಸ್ತವವಾಗಿ ಒಂದೇ ಬೀಜವುಳ್ಳ ಇಡೀ ಕಾಯಿ: ನಾಲ್ಕು ಮಿಲಿಮೀಟರ್ ಆಸುಪಾಸಿನ, ತುಸು ಚಪ್ಪಟೆಯಾದ, ಕಪ್ಪು ಮೈಯ ತುಂಬ ಸಣ್ಣ ಗುಳಿಗಳುಳ್ಳ ಕಾಯಿ. ಅದರ ಸಿಪ್ಪೆ ಬೀಜಕ್ಕೆ ಅಂಟಿಕೊಂಡಿರುತ್ತದೆ. ಹಾಗೆಯೇ ಹಿಡಿದರೆ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ. ಕಚ್ಚಿ ಅಗಿದಾಗ ಘಾಟು ಮೂಗಿಗೇರಿ, ನಾಲಗೆಯಲ್ಲಿ ಕಹಿ ನಿಲ್ಲುತ್ತದೆ. ತೊನ್ನಿಗೂ ಕುಷ್ಠವರ್ಗದ ರೋಗಗಳಿಗೂ ಇದನ್ನು ಅರೆದು ಲೇಪಿಸುವ, ಒಳಗೆ ಕೊಡುವ ರೂಢಿ ನಾಡವೈದ್ಯದಲ್ಲಿ ಉದ್ದಕ್ಕೂ ಇತ್ತು. ಗೋಮೂತ್ರದಲ್ಲಿಯೋ ಹಸಿಶುಂಠಿಯ ರಸದಲ್ಲಿಯೋ ವಾರಗಟ್ಟಲೆ ನೆನೆಸಿ ಶೋಧಿಸದೆ ಒಳಗೆ ಕೊಡಬಾರದೆಂಬ ಕಟ್ಟಳೆಯೂ ಇತ್ತು.

ಕಲ್ಕತ್ತದಲ್ಲಿ ಆರ್. ಎನ್. ಚೋಪ್ರಾ ಮತ್ತು ಎನ್. ಆರ್. ಚಟರ್ಜಿ 1927ರಲ್ಲಿ ಬಾವಂಚಿಯ ಘಟಕಗಳನ್ನೂ ಗುಣಗಳನ್ನೂ ಕುರಿತು ವಿವರವಾದ ಅಧ್ಯಯನ ಪ್ರಕಟಿಸಿದರು. ಬೀಜದ ಗುಣಕ್ಕೆ ಅದರ ಆವಿಯಾಗುವ ಎಣ್ಣೆ ಕಾರಣ ಎಂಬ ಅಭಿಪ್ರಾಯ ಆಗ ಬಲವಾಗಿತ್ತು. ಬೆಂಗಳೂರಿನ ಗುಂಪು ಹಿಡಿದ ದಾರಿ ಬೇರೆ. ಸೆಂಟ್ರಲ್ ಕಾಲೇಜು ಆ ದಿನಗಳಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನದ ಕೇಂದ್ರವಾಗಿತ್ತು, ಸಿ. ವಿ. ರಾಮನ್ ತಮ್ಮ ಬೆಳಕಿನ ಚದುರಿಕೆಯ ಶೋಧವನ್ನು 1928ರ ಮಾರ್ಚ್ 16ರಂದು ಉಪನ್ಯಾಸವಾಗಿ ಮಂಡಿಸಿದ್ದು ಇಲ್ಲಿಯೇ. ಇಲ್ಲಿನ ರಸಾಯನಶಾಸ್ತ್ರ ವಿಭಾಗದಲ್ಲಿ ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಬಾವಂಚಿಯ ಸಾರವನ್ನು ತೆಗೆದು, ರಾಳ, ಎಣ್ಣೆ, ಬಣ್ಣಗಳನ್ನು ಒಂದೊಂದಾಗಿ ಬೇರೆಮಾಡಿ, ಕೊನೆಗೆ ಎರಡು ಹರಳುವಸ್ತುಗಳನ್ನು ಪಡೆದು ಅವುಗಳಿಗೆ ಸೊರಾಲೆನ್ ಮತ್ತು ಐಸೊಸೊರಾಲೆನ್ ಎಂಬ ಹೆಸರಿಟ್ಟರು. ಅವರ ಪ್ರಬಂಧ 1933ರಲ್ಲಿ ಭಾರತೀಯ ರಸಾಯನಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಹನ್ನೊಂದು ಇಂಗಾಲ, ಆರು ಜಲಜನಕ, ಮೂರು ಆಮ್ಲಜನಕ ಪರಮಾಣುಗಳ ಈ ಸಣ್ಣ ಅಣುವು ಫ್ಯುರೊಕೂಮರಿನ್ ಎಂಬ ಕುಲಕ್ಕೆ ಸೇರಿದ್ದು, ಒಂದಕ್ಕೊಂದು ಬೆಸೆದ ಮೂರು ಉಂಗುರಗಳ ಚಪ್ಪಟೆ ರಚನೆಯುಳ್ಳದ್ದು. ಆ ಚಪ್ಪಟೆತನವೇ ಮುಂದೆ ಅದರ ಔಷಧಗುಣದ ಕೀಲಿಕೈ ಆಯಿತು.

ವಸ್ತುವನ್ನು ಬೇರ್ಪಡಿಸುವುದು ಒಂದು ಘಟ್ಟ, ಅದರ ರಚನೆಯನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಥಾಪಿಸುವುದು ಇನ್ನೊಂದು ಘಟ್ಟ. ಇಂತಹ ಸಸ್ಯವಸ್ತುಗಳ ಅಧ್ಯಯನದಲ್ಲಿ ಆ ಕಾಲಕ್ಕೆ ಅಗ್ರಗಣ್ಯನಾಗಿದ್ದವನು ವಿಯೆನ್ನಾ ವಿಶ್ವವಿದ್ಯಾನಿಲಯದ ಎರ್ನ್‌ಸ್ಟ್ ಶ್ಪೇಟ್. 1936ರಲ್ಲಿ ಜರ್ಮನ್ ರಸಾಯನಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಶ್ಪೇಟ್, ಮಂಜುನಾಥ್, ಪೈಲರ್, ಜೋಯಿಸ್ ಎಂಬ ನಾಲ್ಕು ಹೆಸರುಗಳಡಿ ಸೊರಾಲೆನ್ನಿನ ರಚನೆ ಮತ್ತು ಕೃತಕ ಸಂಶ್ಲೇಷಣೆಯನ್ನು ಕುರಿತ ಪ್ರಬಂಧ ಪ್ರಕಟವಾಯಿತು. ಐಸೊಸೊರಾಲೆನ್ ಎಂಬುದು ಯೂರೋಪಿನ ಏಂಜೆಲಿಕಾ ಗಿಡದಲ್ಲಿ ಸಿಗುವ ಏಂಜೆಲಿಸಿನ್ ಎಂಬ ವಸ್ತುವೇ ಎಂಬುದೂ ಆ ವರ್ಷಗಳಲ್ಲಿ ಸ್ಪಷ್ಟವಾಯಿತು. ಪರಾಧೀನ ದೇಶದ ಒಂದು ಸಂಸ್ಥಾನದ ಕಾಲೇಜಿನ ಅಧ್ಯಾಪಕರು ಯೂರೋಪಿನ ಮೇಲ್ಪಂಕ್ತಿಯ ಪ್ರಯೋಗಾಲಯದೊಂದಿಗೆ ಸರಿಸಮಾನವಾಗಿ ಹೆಸರು ಹಂಚಿಕೊಂಡ ಈ ಪ್ರಬಂಧಕ್ಕೆ ಕರ್ನಾಟಕದ ವಿಜ್ಞಾನದ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

ಆದರೂ ಬೆಂಗಳೂರಿನವರ ಕೆಲಸದಲ್ಲಿ ಬೆಳಕಿನ ಪ್ರಶ್ನೆ ಎದ್ದಿರಲಿಲ್ಲ. ಅವರು ಬೀಜದ ರಸಾಯನವನ್ನು ಬಿಡಿಸಿದರು. ಆ ಅಣು ಕತ್ತಲಲ್ಲಿ ಸುಮ್ಮನಿದ್ದು ಬಿಸಿಲಿನಲ್ಲಿ ಎಚ್ಚರಗೊಳ್ಳುತ್ತದೆ ಎಂಬುದು ಇನ್ನೊಂದು ಕಡೆಯಿಂದ ಬರಬೇಕಾಯಿತು. ಕೆಲವು ಗಿಡಗಳ ರಸ ತಾಗಿದ ಚರ್ಮ ಬಿಸಿಲಿಗೆ ಬೊಬ್ಬೆಯೇಳುವುದೇಕೆ ಎಂದು ಪರೀಕ್ಷಿಸುತ್ತಿದ್ದ ಬರ್ನ್ ನಗರದ ಹಾನ್ಸ್ ಕುಸ್ಕೆ 1938ರಲ್ಲಿ ಅದಕ್ಕೆ ಫ್ಯುರೊಕೂಮರಿನ್‌ಗಳೇ ಕಾರಣವೆಂದು ತೋರಿಸಿಕೊಟ್ಟನು. ಬಾವಂಚಿ ಲೇಪಿಸಿ ಬಿಸಿಲಿನಲ್ಲಿ ಕುಳಿತವರ ಮೈಮೇಲೆ ಏಳುತ್ತಿದ್ದ ಗುಳ್ಳೆಗಳ ರಹಸ್ಯ ಹೀಗೆ ಬಯಲಾಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈಜಿಪ್ಟಿನಲ್ಲಿ ಮುಂದಿನ ಹೆಜ್ಜೆ ಬಿತ್ತು. ನೈಲ್ ನದಿಯ ಬಯಲಿನಲ್ಲಿ ಬೆಳೆಯುವ ಅಮ್ಮಿ ಮಾಜುಸ್ ಎಂಬ ಗಿಡದ ಬೀಜವನ್ನು ತೊನ್ನಿಗೆ ಬಳಸುವ ರೂಢಿ ಅಲ್ಲಿ ಹಳೆಯದು. ಅದರಿಂದ 8-ಮೀಥಾಕ್ಸಿಸೊರಾಲೆನ್ ಎಂಬ ವಸ್ತುವನ್ನು ಫಹ್ಮಿ ಮತ್ತು ಅಬು ಶಾದಿ 1947ರಲ್ಲಿ ಬೇರ್ಪಡಿಸಿದರು, ಕೈರೋದ ಅಬ್ದೆಲ್ ಮೊನೆಮ್ ಎಲ್ ಮೊಫ್ತಿ ಅದನ್ನು ತೊನ್ನಿನ ರೋಗಿಗಳಿಗೆ ಕೊಟ್ಟು ಬಿಸಿಲಿನಲ್ಲಿ ಕೂರಿಸಿ ಫಲ ಕಂಡನು. ಬೆಂಗಳೂರಿನ ಸೊರಾಲೆನ್ನಿಗೆ ಒಂದು ಸಣ್ಣ ಬಾಲ ಸೇರಿದರೆ ಸಿಗುವ ಅಣು ಇದು. ಪೂವಾ ಚಿಕಿತ್ಸೆಯ ಮಾತ್ರೆಯಲ್ಲಿ ಇರುವುದು ಈಜಿಪ್ಟಿನ ಗಿಡದ ಈ ವಸ್ತುವೇ ಹೊರತು ಬಾವಂಚಿಯ ಮೂಲ ಸೊರಾಲೆನ್ ಅಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಇಡೀ ಚಿಕಿತ್ಸೆಯೇ ನಮ್ಮದೆಂದು ಎದೆತಟ್ಟಿಕೊಳ್ಳುವವರಿಗೂ, ನಮ್ಮವರ ಪಾತ್ರ ಏನೂ ಇಲ್ಲವೆನ್ನುವವರಿಗೂ ಈ ಒಂದು ವಿವರ ಉತ್ತರವಾಗುತ್ತದೆ.

ನಡುವೆ ಸೋರಿಯಾಸಿಸ್‌ಗೆ ಇನ್ನೊಂದು ದಾರಿಯಿಂದ ಮಹತ್ವದ ಔಷಧವೊಂದು ಬಂದಿತು. ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಡೆಸಿದ ಸಂಶೋಧನೆಯಿಂದ, ಕೋಶಗಳು ಒಡೆದು ಹೆಚ್ಚುವುದನ್ನು ತಡೆಯುವ ಅಮಿನೊಪ್ಟೆರಿನ್ ರಕ್ತಕ್ಯಾನ್ಸರಿನ ಮಕ್ಕಳಿಗಾಗಿ ತಯಾರಾಗಿತ್ತು. ಅದನ್ನು ಕೀಲುವಾತದ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದ ರಿಚರ್ಡ್ ಗಬ್ನರ್ 1951ರಲ್ಲಿ ಅವರ ಸೋರಿಯಾಸಿಸ್ ಮಚ್ಚೆಗಳೂ ಮಾಯವಾಗುವುದನ್ನು ಗಮನಿಸಿದನು. ಅದರ ಸೋದರ ಔಷಧವಾದ ಮೆಥೊಟ್ರೆಕ್ಸೇಟ್ 1958ರಿಂದ ಬಳಕೆಗೆ ಬಂದು, ಇಂದಿಗೂ ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ತೀವ್ರ ಸೋರಿಯಾಸಿಸ್‌ಗೆ ಕೊಡುವ ಅಗ್ಗದ, ಮುಖ್ಯವಾದ ಮಾತ್ರೆಯಾಗಿದೆ. ಸೋರಿಯಾಸಿಸ್‌ಗೆ ಇದನ್ನು ವಾರಕ್ಕೊಂದು ದಿನ ಮಾತ್ರ ತೆಗೆದುಕೊಳ್ಳಬೇಕು. ತಪ್ಪಿ ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಜೀವಕ್ಕೇ ಎರವಾಗುತ್ತದೆ. ಆದ್ದರಿಂದಲೇ ವೈದ್ಯರು ಚೀಟಿಯಲ್ಲಿ ವಾರದ ಹೆಸರನ್ನು ಬರೆದುಕೊಡಬೇಕೆಂದು ಹೇಳುವುದು.

1974ರ ಬಾಸ್ಟನ್ ಲೇಖನ ಈ ಎಲ್ಲ ಎಳೆಗಳನ್ನು ಒಂದೆಡೆ ಹೆಣೆಯಿತು. ಜಾನ್ ಪ್ಯಾರಿಶ್, ಥಾಮಸ್ ಫಿಟ್ಸ್‌ಪ್ಯಾಟ್ರಿಕ್, ಟ್ಯಾನನ್‌ಬಾಮ್ ಮತ್ತು ಭಾರತ ಮೂಲದ ಮಧು ಪಾಠಕ್ ಎಂಬ ನಾಲ್ವರೂ ಹೊಸದಾಗಿ ತಯಾರಿಸಿದ್ದ ತೀವ್ರ ದೀಪವ್ಯವಸ್ಥೆಯನ್ನು ಬಳಸಿದರು. ಆ ದೀಪಗಳು 320ರಿಂದ 400 ನ್ಯಾನೊಮೀಟರ್ ಅಲೆಯುದ್ದದ, ‘ಅತಿನೇರಳೆ ಎ’ ಎಂದು ಕರೆಯುವ ಪಟ್ಟಿಯ ಬೆಳಕನ್ನು ಕೊಡುತ್ತಿದ್ದವು. ಮೈತುಂಬ ಸೋರಿಯಾಸಿಸ್ ಹರಡಿದ್ದ 21 ರೋಗಿಗಳ ಚರ್ಮ ಈ ಚಿಕಿತ್ಸೆಯಿಂದ ಸ್ವಚ್ಛವಾಯಿತು. ಅಣುವಿನ ಚಪ್ಪಟೆ ರಚನೆ ಇಲ್ಲಿ ಪ್ರಯೋಜನಕ್ಕೆ ಬಂದಿತು: ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ಸೊರಾಲೆನ್ ಜಾರಿ ಕೂರುತ್ತದೆ, ಅತಿನೇರಳೆ ಬೆಳಕು ಬಿದ್ದಾಗ ಏಣಿಯ ಎರಡೂ ಕಂಬಗಳಿಗೆ ಬೆಸೆದುಕೊಳ್ಳುತ್ತದೆ, ಏಣಿ ಬಿಚ್ಚಿಕೊಳ್ಳಲಾಗದೆ ಕೋಶ ಇಬ್ಭಾಗವಾಗುವುದು ನಿಲ್ಲುತ್ತದೆ. ಮಚ್ಚೆಯಲ್ಲಿ ಸೇರಿಕೊಂಡಿರುವ ರೋಗನಿರೋಧಕ ಕೋಶಗಳೂ ಇದರಿಂದ ಸಾಯುತ್ತವೆ ಎಂಬುದು ಆಮೇಲೆ ತಿಳಿಯಿತು. ಸೊರಾಲೆನ್ನನ್ನು ಮಚ್ಚೆಯ ಮೇಲೆ ಹಚ್ಚಿ ಬೆಳಕು ಹಾಯಿಸುವ ಪ್ರಯತ್ನಗಳು ಇದಕ್ಕೆ ಒಂದೆರಡು ವರ್ಷ ಮೊದಲೇ ಯೂರೋಪಿನಲ್ಲಿ ನಡೆದಿದ್ದುದರಿಂದ ಮೊದಲಿಗರು ಯಾರು ಎಂಬ ಚರ್ಚೆ ಉಂಟು. ಆದರೆ ಬೆಳಕನ್ನು ಚದರ ಸೆಂಟಿಮೀಟರಿಗೆ ಇಷ್ಟು ಜೂಲ್ ಎಂದು ಅಳೆದು, ರೋಗಿಯ ಚರ್ಮದ ಬಣ್ಣಕ್ಕೆ ತಕ್ಕಂತೆ ಏರಿಸುತ್ತ ಹೋಗುವ ಪದ್ಧತಿಯನ್ನು ಕಟ್ಟಿದ ಯಶಸ್ಸು ಬಾಸ್ಟನ್ ಗುಂಪಿಗೆ ಸಲ್ಲುತ್ತದೆ. ಅಮೆರಿಕದ ಔಷಧ ಆಡಳಿತವು 1982ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು.

ಅಳತೆ ಕಲಿತ ಈ ಚಿಕಿತ್ಸೆಗೆ ಇನ್ನೂ ಒಂದು ಅಳತೆ ಬಾಕಿಯಿತ್ತು. ಡಿಎನ್‌ಎಗೆ ಕೈಹಾಕುವ ಮದ್ದು ಕ್ಯಾನ್ಸರ್ ತರಬಹುದೆಂಬ ಶಂಕೆಯಿಂದ, ಅಮೆರಿಕದ 16 ಕೇಂದ್ರಗಳಲ್ಲಿ 1975–76ರಲ್ಲಿ ಪೂವಾ ಆರಂಭಿಸಿದ 1,380 ರೋಗಿಗಳನ್ನು ರಾಬರ್ಟ್ ಸ್ಟರ್ನ್ ಮತ್ತು ಸಂಗಡಿಗರು ದಶಕಗಳ ಕಾಲ ಬೆನ್ನುಬಿಡದೆ ಗಮನಿಸಿದರು. ಚರ್ಮದ ಕ್ಯಾನ್ಸರ್ ನಿರೀಕ್ಷೆಗಿಂತ ಹೆಚ್ಚಾಗಿ ಕಾಣುತ್ತಿದೆ ಎಂಬ ಮೊದಲ ವರದಿ 1979ರಲ್ಲಿಯೇ ಬಂದಿತು. 1997ರಲ್ಲಿ, ಮೊದಲ ಚಿಕಿತ್ಸೆಯಾಗಿ ಸುಮಾರು 15 ವರ್ಷ ಕಳೆದವರಲ್ಲಿ, ಅದರಲ್ಲೂ 250 ಅಥವಾ ಹೆಚ್ಚು ಸಲ ಬೆಳಕಿಗೆ ನಿಂತವರಲ್ಲಿ, ಮೆಲನೋಮ ಎಂಬ ಮಾರಕ ಕ್ಯಾನ್ಸರಿನ ಅಪಾಯವೂ ಏರುತ್ತದೆಂಬ ವರದಿ ಬಂದಿತು. ಮೆಲನೋಮದ ಮಾತನ್ನು ಯೂರೋಪಿನ ಕೆಲವು ಅಧ್ಯಯನಗಳು ಸಮರ್ಥಿಸಲಿಲ್ಲ. ಏಷ್ಯಾ, ಅರಬ್ ಮತ್ತು ಆಫ್ರಿಕಾ ಮೂಲದ ರೋಗಿಗಳನ್ನು ಕುರಿತ ವಿಶ್ಲೇಷಣೆಗಳಲ್ಲಿ ಕಪ್ಪು, ಕಂದು ಚರ್ಮದವರಿಗೆ ಕ್ಯಾನ್ಸರಿನ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹಾಗಿದ್ದರೂ, ಬದುಕಿನುದ್ದಕ್ಕೂ ಒಬ್ಬ ರೋಗಿಗೆ ಎಷ್ಟು ಸಲ ಈ ಚಿಕಿತ್ಸೆ ಕೊಡಬಹುದು ಎಂಬ ಮಿತಿ ಈ ವರದಿಗಳಿಂದ ಹುಟ್ಟಿತು. ಅಷ್ಟರಲ್ಲಿ ಪ್ಯಾರಿಶ್ ಮತ್ತು ಯೆನಿಕೆ 1981ರಲ್ಲಿ ಅಲೆಯುದ್ದಗಳನ್ನು ಒಂದೊಂದಾಗಿ ಪರೀಕ್ಷಿಸಿ ಸೋರಿಯಾಸಿಸ್‌ಗೆ ಒಳ್ಳೆಯದನ್ನು ಗುರುತಿಸಿದ್ದರು. 311 ನ್ಯಾನೊಮೀಟರ್ ಆಸುಪಾಸಿನ ಇಕ್ಕಟ್ಟಾದ ಪಟ್ಟಿಯ ಬೆಳಕನ್ನಷ್ಟೇ ಕೊಡುವ ದೀಪಗಳು 1980ರ ದಶಕದ ಕೊನೆಗೆ ಬಂದು, ಮಾತ್ರೆಯ ಗೊಡವೆಯೇ ಇಲ್ಲದ, ಗರ್ಭಿಣಿಯರಿಗೂ ಮಕ್ಕಳಿಗೂ ಕೊಡಬಹುದಾದ ‘ನ್ಯಾರೋಬ್ಯಾಂಡ್’ ಚಿಕಿತ್ಸೆಯಿಂದ ಪೂವಾ ನಿಧಾನವಾಗಿ ಹಿಂದೆ ಸರಿಯಿತು.

ರೋಗದ ಮೂಲವನ್ನು ಕುರಿತ ತಿಳಿವಳಿಕೆಯೂ ಇದೇ ಕಾಲದಲ್ಲಿ ತಿರುವು ಪಡೆಯಿತು. ಸೋರಿಯಾಸಿಸ್ ಬರೀ ಚರ್ಮದ ಕೋಶಗಳ ಅವಸರವೆಂದು ಬಹುಕಾಲ ನಂಬಲಾಗಿತ್ತು. 1979ರಲ್ಲಿ, ಅಂಗಕಸಿಯಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಕೊಡುವ ಸೈಕ್ಲೋಸ್ಪೊರಿನ್‌ನಿಂದ ಸೋರಿಯಾಸಿಸ್ ಇಳಿಯುವುದು ಕಂಡುಬಂದ ಮೇಲೆ, ಟಿ-ಕೋಶಗಳೆಂಬ ರಕ್ಷಕ ಕೋಶಗಳೇ ಚರ್ಮವನ್ನು ಕೆರಳಿಸುತ್ತಿವೆ ಎಂಬುದು ಖಚಿತವಾಗುತ್ತ ಬಂದಿತು. ಅಲ್ಲಿಂದ ಹುಟ್ಟಿದ ಪ್ರತಿಕಾಯ ಔಷಧಗಳ ಸಾಲಿನಲ್ಲಿ ಬೆಂಗಳೂರು ಎರಡನೆಯ ಸಲ ಈ ಚರಿತ್ರೆಯೊಳಗೆ ಬರುತ್ತದೆ. ಕ್ಯೂಬಾದ ಅಣುರೋಗನಿರೋಧಶಾಸ್ತ್ರ ಕೇಂದ್ರದಲ್ಲಿ ಹುಟ್ಟಿದ, ಟಿ-ಕೋಶದ ಮೇಲಿನ ಸಿಡಿ6 ಎಂಬ ಗುರುತಿಗೆ ಅಂಟಿ ಅದನ್ನು ಶಮನಗೊಳಿಸುವ ಇಟೊಲಿಜುಮ್ಯಾಬ್ ಅನ್ನು ಬೆಂಗಳೂರಿನ ಬಯೋಕಾನ್ ಸಂಸ್ಥೆ ಬೆಳೆಸಿ, 223 ರೋಗಿಗಳ ಮೇಲೆ ಪರೀಕ್ಷಿಸಿ, 2013ರಲ್ಲಿ ಭಾರತದ ಔಷಧ ನಿಯಂತ್ರಕರ ಒಪ್ಪಿಗೆ ಪಡೆದು ‘ಆಲ್ಜುಮ್ಯಾಬ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇತರ ದೇಶಗಳಲ್ಲಿ ಅಷ್ಟರೊಳಗೆ ಬಂದಿದ್ದ, ಮುಂದೆ ಬಂದ ಪ್ರತಿಕಾಯಗಳಿಗೆ ಹೋಲಿಸಿದರೆ ಇದರ ಫಲ ಸಾಧಾರಣವಾದದ್ದು. ಸೋರಿಯಾಸಿಸ್ ಸಂಶೋಧನೆಯ ಮುಖ್ಯಧಾರೆ ಇಂಟರ್‌ಲ್ಯೂಕಿನ್-17 ಮತ್ತು 23 ಎಂಬ ಸಂದೇಶವಾಹಕಗಳ ಕಡೆಗೆ ಹರಿಯಿತು. 2014ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಸೋರಿಯಾಸಿಸ್ ಗಂಭೀರವಾದ, ಅಂಟದ ರೋಗವೆಂದು ನಿರ್ಣಯ ಅಂಗೀಕರಿಸಿದ್ದು ಔಷಧಗಳಷ್ಟೇ ಮುಖ್ಯವಾದ ಘಟನೆ.

ಈ ಚರಿತ್ರೆಯ ಫಲ ಹಾಸನ ಜಿಲ್ಲೆಯ ಹಗರೆಯಂತಹ ಊರನ್ನು ಮುಟ್ಟುವ ಬಗೆಯನ್ನು ನೋಡಿದಾಗ ಅದರ ಇನ್ನೊಂದು ಮುಖ ಕಾಣುತ್ತದೆ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಹಳೇಬೀಡಿನ ಸಮೀಪದಲ್ಲಿರುವ ಹಗರೆಯ ಪೂರ್ವಕ್ಕೆ ಜಾವಗಲ್, ಅರಸೀಕೆರೆಗಳ ಕಡೆ ತೆಂಗು, ರಾಗಿಯ ಒಣಸೀಮೆ ಹಬ್ಬಿದರೆ, ಪಶ್ಚಿಮಕ್ಕೆ ಬೇಲೂರಿನಾಚೆ ಕಾಫಿತೋಟದ ಮಲೆನಾಡು ತೊಡಗುತ್ತದೆ. ಹಾಸನದಲ್ಲಿ 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ; ತಣ್ಣೀರುಹಳ್ಳದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆಯಿದೆ. ಆದರೆ ನ್ಯಾರೋಬ್ಯಾಂಡ್ ಚಿಕಿತ್ಸೆಗೆ ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ದೀಪದ ಮುಂದೆ ನಿಲ್ಲಬೇಕು. ಕೂಲಿಯವರಿಗೆ ಅಷ್ಟು ದಿನಗಳ ಬಸ್ಸಿನ ಖರ್ಚು, ತಪ್ಪಿದ ಕೂಲಿಗಳೆರಡೂ ಸೇರಿದರೆ ಪುಕ್ಕಟೆ ಚಿಕಿತ್ಸೆಯೂ ದುಬಾರಿಯಾಗುತ್ತದೆ. ಆಗ ಕೈಗೆ ಸಿಗುವುದು ಔಷಧದಂಗಡಿಯ ಸ್ಟೀರಾಯ್ಡ್ ಮುಲಾಮು. ಅದು ಬೇಗ ಗುಣ ತೋರಿಸುತ್ತದೆ, ವೈದ್ಯರ ನಿಗಾ ಇಲ್ಲದೆ ಬಳಸುತ್ತ ಹೋದರೆ ಚರ್ಮವನ್ನು ತೆಳ್ಳಗಾಗಿಸುತ್ತದೆ. ಇಂತಹ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಕಟ್ಟು ಮಾಡಿತು. ಸ್ಟೀರಾಯ್ಡ್ ಮಾತ್ರೆ, ಚುಚ್ಚುಮದ್ದುಗಳದು ಇನ್ನೂ ದೊಡ್ಡ ಅಪಾಯ: ತೆಗೆದುಕೊಂಡು ಥಟ್ಟನೆ ನಿಲ್ಲಿಸಿದಾಗ ಮಚ್ಚೆಗಳು ಮೈತುಂಬ ಕೆರಳಿ, ಕೀವುಗುಳ್ಳೆಗಳಾಗಿ, ಆಸ್ಪತ್ರೆ ಸೇರುವ ಸ್ಥಿತಿ ಬರುತ್ತದೆ. ಬಾವಂಚಿಯನ್ನೇ ಸ್ವಂತ ಬುದ್ಧಿಯಿಂದ ಪುಡಿಮಾಡಿ ನುಂಗಿದವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಹಳಬರು ಶೋಧನೆಯ ಕಟ್ಟಳೆಯಿಟ್ಟದ್ದು ಸುಮ್ಮನಲ್ಲ.

ದೀಪದ ಪೆಟ್ಟಿಗೆ ಕೈಗೆಟುಕದ ಕಡೆಗಳಿಗೆಂದೇ ಭಾರತದ ಚರ್ಮವೈದ್ಯರು ಸೊರಾಲೆನ್ ಮಾತ್ರೆಯನ್ನು ಬಿಸಿಲಿನೊಂದಿಗೆ ಜೋಡಿಸಿದ ‘ಪೂವಾಸಾಲ್’ ವಿಧಾನವನ್ನು ದಶಕಗಳಿಂದ ಉಳಿಸಿಕೊಂಡು ಬಂದಿದ್ದಾರೆ. ತೂಕಕ್ಕೆ ತಕ್ಕ ಮಾತ್ರೆಯನ್ನು ತಿಂಡಿಯ ಜೊತೆ ನುಂಗಿ, ಎರಡು ಗಂಟೆಯ ಬಳಿಕ, ಬಿಸಿಲು ಏರಿದ ಹೊತ್ತಿನಲ್ಲಿ ಮಚ್ಚೆಗಳಿಗೆ ಮೊದಲ ದಿನ ಕೆಲವೇ ನಿಮಿಷ ಬಿಸಿಲು ಕಾಯಿಸಿ, ದಿನ ಬಿಟ್ಟು ದಿನ ನಿಮಿಷಗಳನ್ನು ಏರಿಸುತ್ತ ಹೋಗಬೇಕು. ಮಾತ್ರೆ ನುಂಗಿದ ಹೊತ್ತಿನಿಂದ ಆ ದಿನವಿಡೀ ಕಣ್ಣಿಗೆ ಅತಿನೇರಳೆ ಕಿರಣ ತಡೆಯುವ ಕನ್ನಡಕ ಹಾಕಿಕೊಳ್ಳಬೇಕು, ಉಳಿದ ಮೈ ಮುಚ್ಚಿಕೊಳ್ಳಬೇಕು, ಚರ್ಮ ಉರಿದು ಕೆಂಪಾದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಿಗೆ, ಚಿಕ್ಕಮಕ್ಕಳಿಗೆ, ಯಕೃತ್ತಿನ ತೊಂದರೆಯಿರುವವರಿಗೆ ಇದು ಸಲ್ಲದು. ಸ್ನಾನ ಮುಗಿದೊಡನೆ ಒದ್ದೆ ಮೈಗೆ ಕೊಬ್ಬರಿ ಎಣ್ಣೆ ಹಚ್ಚುವ ತೆಂಗಿನ ಸೀಮೆಯ ರೂಢಿ ಹೊಪ್ಪಳೆಯನ್ನು ಮೆತ್ತಗಾಗಿಸಿ ಉಳಿದ ಚಿಕಿತ್ಸೆಗೆ ಒತ್ತಾಸೆಯಾಗುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಮರ ಕೊಡುವ ಹಾಲೆಯ ಎಲೆಯನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ ಬಿಸಿಲಿಗಿಟ್ಟು, ನೇರಳೆ ಬಣ್ಣ ಬಿಟ್ಟ ಆ ಎಣ್ಣೆಯನ್ನು ಸೋರಿಯಾಸಿಸ್‌ಗೆ ಹಚ್ಚುವ ಪದ್ಧತಿ ಸಿದ್ಧವೈದ್ಯದಲ್ಲಿದೆ. ದೀಪಕ್ಕೆ ಇರುವಂತಹ ಮಾಪಕ ಬಿಸಿಲಿಗೆ ಇಲ್ಲದಿರುವುದೇ ಪೂವಾಸಾಲ್ ವಿಧಾನದ ಕೊರತೆ. ಅರಸೀಕೆರೆಯ ಕಡೆ ವರ್ಷದ ಹೆಚ್ಚು ತಿಂಗಳು ಸಿಗುವ ಬಿಸಿಲು ಬೇಲೂರಿನ ಪಶ್ಚಿಮಕ್ಕೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೋಡದ ಹಿಂದೆ ಉಳಿಯುತ್ತದೆ. ಆ ತಿಂಗಳುಗಳಲ್ಲಿ ರೋಗಿಯ ಚೀಟಿಯಲ್ಲಿ ಸೊರಾಲೆನ್ ಇರುವ ಜಾಗಕ್ಕೆ ಮುಲಾಮುಗಳೋ, ವಾರಕ್ಕೊಂದು ದಿನದ ಮೆಥೊಟ್ರೆಕ್ಸೇಟೋ ಬರಬೇಕಾಗುತ್ತದೆ, ಮೆಥೊಟ್ರೆಕ್ಸೇಟ್ ಬಂದರೆ ಅದರ ಜೊತೆಗೆ ರಕ್ತ ಮತ್ತು ಯಕೃತ್ತಿನ ಪರೀಕ್ಷೆಗಾಗಿ ಹಾಸನದ ಬಸ್ಸು ಹತ್ತುವ ದಿನಗಳೂ ಬರುತ್ತವೆ.